ಬೇಡವೆಂದ ರಕ್ತ

“ನನ್ನಿಂದಲೇ ತಗೊಳ್ಳಿ ಡಾಕ್ಟ್ರೇ! ಎಷ್ಟು ಬೇಕೋ ಅಷ್ಟು ತಗೊಳ್ಳಿ...”

ತಾಯಿ ಆಗಲೇ ರವಿಕೆಯ ತೋಳು ಮೇಲೇರಿಸಿ ಮೇಜಿನ ಮೇಲೆ ಕೈ ಚಾಚಿದ್ದಳು. ಮಗನಿಗೆ ಕಾಯಿಲೆ ಶುರುವಾದಾಗಿನಿಂದ ಆ ಕೈಗೆ ಅದೇ ಅಭ್ಯಾಸ. ಮೂಳೆಯೊಳಗಿನ ಮಜ್ಜೆ ಸೊರಗಿ, ಅವನ ಮೈ ರಕ್ತ ಮಾಡುವುದನ್ನೇ ಮರೆತುಬಿಟ್ಟಿತ್ತು. ದಿನವಿಡೀ ಕಾರ್ಖಾನೆಯ ಲೇತಿನ ಮುಂದೆ ನಿಲ್ಲುತ್ತಿದ್ದ ಗಟ್ಟಿಗ ಈಗ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಹಳೆಯ ಆಸ್ಪತ್ರೆಯಲ್ಲಿ ರಕ್ತ ಬೇಕೆಂದಾಗಲೆಲ್ಲ ಇವಳು, ಕಂಡವರದ್ದು ನನ್ನ ಮಗನಿಗೆ ಬೇಡವೆಂದು ಹಟ ಹಿಡಿದು ತನ್ನದನ್ನೇ ಕೊಟ್ಟಿದ್ದಳು. ತನಗೆ ಆಗದಿದ್ದಾಗ ತನ್ನ ತಮ್ಮನನ್ನು ಎಳೆದು ತಂದಿದ್ದಳು.

“ನಿಮ್ಮದು ಆಗಲ್ಲಮ್ಮ,” ಎಂದರು ಡಾಕ್ಟರಮ್ಮ, ದಣಿದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ. “ಈ ಸಲ ಬೇಕಿರೋದು ಬರೀ ರಕ್ತ ಅಲ್ಲ, ಮಜ್ಜೆ ಮತ್ತೆ ಚಿಗುರಿಸೋ ಜೀವಕೋಶ. ಅದಕ್ಕೆ ಪೂರ್ತಿ ಹೊಂದೋ ದಾನಿ ಎಲ್ಲೂ ಸಿಗಲಿಲ್ಲ. ಈಗ ಅರ್ಧ ಹೊಂದೋ ರಕ್ತಸಂಬಂಧಿ ಆದ್ರೂ ಸಾಕು. ಆದ್ರೆ ನಿಮ್ಮ ರಕ್ತ ಹಾಕಿ ಹಾಕಿ, ಮಗನ ಮೈ ಅದನ್ನ ಹಗೆ ಅಂತ ಗುರುತು ಹಿಡಿದುಬಿಟ್ಟಿದೆ. ನಿಮ್ಮ ಜೀವಕೋಶ ಕೊಟ್ರೆ ಒದ್ದು ಆಚೆ ಹಾಕುತ್ತೆ. ನಿಮ್ಮ ತಮ್ಮಂದೂ ಅಷ್ಟೇ.”

“ಅಂದ್ರೆ... ನಾನೇ ಕೆಡಿಸಿದ್ನಾ?”

“ನಿಮಗೆ ಯಾರೂ ಹೇಳಿರಲಿಲ್ಲ ಬಿಡಿ. ತಂದೆ ಕಡೆ ಯಾರಿದ್ದಾರೆ?”

ತಂದೆ ತೀರಿಹೋಗಿದ್ದ. ತಾಯಿ ಚಾಚಿದ್ದ ಕೈ ಹಿಂದೆಗೆದುಕೊಂಡು ರವಿಕೆಯ ತೋಳು ಕೆಳಗಿಳಿಸಿದಳು. ಗಾಲಿಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ ಮಗನೇ ಹೇಳಿದ:

“ಅಕ್ಕ ಇದ್ದಾಳಲ್ಲಮ್ಮ.”

ಅಕ್ಕ! ಗಂಡನ ಮೊದಲ ಹೆಂಡತಿಯ ಮಗಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಅಪ್ಪನ ಹೊಲಿಗೆ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಗುಂಡಿಯ ಕಾಜಾ ಹೊಲಿಯುತ್ತ ಬೆಳೆದವಳು. ಗಂಡ ಕಣ್ಣು ಮುಚ್ಚಿದ್ದೇ ತಡ, ಇಲ್ಲದ ತಪ್ಪು ಹುಡುಕಿ ತಾನೇ ಅವಳನ್ನು ಮನೆಯಿಂದ ಸಾಗಹಾಕಿದ್ದಾಗಿತ್ತು. ತಮ್ಮನ ಕಾಯಿಲೆಯ ಸುದ್ದಿ ಕೇಳಿ ರಕ್ತ ಕೊಡುತ್ತೇನೆಂದು ಓಡಿ ಬಂದವಳನ್ನು ಆಸ್ಪತ್ರೆಯ ಮೆಟ್ಟಿಲಲ್ಲೇ ತಡೆದದ್ದೂ ಆಗಿತ್ತು. ಈಗ ಯಾವ ಮುಖ ಹೊತ್ತು ಹೋಗುವುದು?

ಆದರೂ ಹೋದಳು. ಕೆಲಸ ಮುಗಿಸಿ ಗಾರ್ಮೆಂಟ್ಸ್ ಗೇಟಿನಿಂದ ಹೊರಬಂದ ಅಕ್ಕನ ಕೂದಲಲ್ಲಿ ನೂಲಿನ ಚೂರುಗಳಿದ್ದವು.

“ಬೈಬೇಕು ಅನ್ಸಿದ್ರೆ ಬೈದುಬಿಡೇ,” ಎಂದಳು ತಾಯಿ.

“ನಿಂತೂ ನಿಂತೂ ಕಾಲು ಬಿದ್ದೋಗಿದೆ ಚಿಕ್ಕಮ್ಮ, ಬೈಯೋಕೆ ಯಾರಿಗಿದೆ ಶಕ್ತಿ... ಪುಟ್ಟ ಹೇಗಿದ್ದಾನೆ?”

ತಾಯಿ ಗೇಟಿನ ಸರಳು ಹಿಡಿದು ಅಲ್ಲೇ ಅತ್ತಳು. ಮೊದಲ ಪಾಳಿಯವರು ಪಕ್ಕದಿಂದ ಸರಿದು ಹೋದರು.

ಅಕ್ಕ ಬಂದು ಕೊಟ್ಟ ರಕ್ತದ ಪರೀಕ್ಷೆಯ ಫಲ ಬಂದ ದಿನ ಡಾಕ್ಟರಮ್ಮನ ಮುಖ ಸ್ವಲ್ಪ ಅರಳಿತ್ತು. “ಅಕ್ಕಂದು ಅರ್ಧ ಹೊಂದುತ್ತೆ. ಹಗೆಯ ಗುರುತೂ ಇಲ್ಲ. ಇವರ ರಕ್ತ ಯಾವತ್ತೂ ಅವನಿಗೆ ಹಾಕಿಲ್ಲ ತಾನೇ?”

“ಇಲ್ಲ...” ತಾಯಿ ನೆಲ ನೋಡಿದಳು. “ಕೊಡೋಕೆ ಬಂದಿದ್ಲು. ನಾನೇ ಅಟ್ಟಿದೆ.”

“ಹಾಗಾದ್ರೆ ಒಳ್ಳೇದೇ ಆಯ್ತು.”

ಒಳ್ಳೇದಾಯ್ತು! ಪ್ರೀತಿಯಿಂದ ಕೊಟ್ಟದ್ದು ಮಗನಿಗೆ ಮುಳುವಾಗಿತ್ತು, ಹೊಟ್ಟೆಕಿಚ್ಚಿನಿಂದ ತಡೆದದ್ದು ಅವನಿಗಾಗಿ ಉಳಿದಿತ್ತು. ಇದಕ್ಕೆ ಹಿಗ್ಗಬೇಕೋ ನಾಚಬೇಕೋ ಆ ಹೆಂಗಸಿಗೆ ತಿಳಿಯಲಿಲ್ಲ. ಅಕ್ಕ ಮಾತ್ರ ರಜೆ ಯಾವತ್ತು ಹಾಕಬೇಕೆಂದಷ್ಟೇ ಕೇಳಿದಳು.

ಜೀವಕೋಶ ತೆಗೆಯುವ ದಿನ ಅಕ್ಕನ ಎರಡೂ ಕೈಗಳಿಗೆ ನಳಿಕೆಯ ಸೂಜಿ ಚುಚ್ಚಿ, ಅಲುಗಾಡಬಾರದೆಂದು ಹೇಳಿ ಮಲಗಿಸಿದರು. ಯಂತ್ರ ಗುಂಯ್‌ಗುಡುತ್ತ ಒಂದು ಕೈಯಿಂದ ರಕ್ತ ಎಳೆದು, ಬೇಕಾದದ್ದನ್ನು ಸೋಸಿಕೊಂಡು, ಇನ್ನೊಂದು ಕೈಗೆ ಮರಳಿಸುತ್ತಿತ್ತು. ಇಷ್ಟಾದರೂ ಮಗನ ಮೈ ಅದನ್ನು ಒಪ್ಪುತ್ತದೆಂದು ಡಾಕ್ಟರಮ್ಮ ಮಾತು ಕೊಟ್ಟಿರಲಿಲ್ಲ. ತಾಯಿ ಬಾಗಿಲ ಬಳಿಯೇ ನಿಂತಿದ್ದಳು, ಒಳಗೆ ಬರಲು ಧೈರ್ಯವಿಲ್ಲ.

“ಚಿಕ್ಕಮ್ಮ...”

“ಏನಮ್ಮಾ? ನೋಯ್ತಿದೆಯಾ?”

“ಇಲ್ಲ. ಮೂಗು ತುರಿಸ್ತಿದೆ. ಕೈ ಎತ್ತೋ ಹಾಗಿಲ್ಲ.”

ತಾಯಿ ಹತ್ತಿರ ಬಂದು ಮೆಲ್ಲಗೆ ಮೂಗು ತುರಿಸಿದಳು. ಕೂದಲಿಗೆ ಅಂಟಿದ್ದ ನೂಲಿನ ಚೂರನ್ನೂ ತೆಗೆದಳು. ಇಷ್ಟು ವರ್ಷದಲ್ಲಿ ಆ ಮುಖವನ್ನು ಅವಳು ಮುಟ್ಟಿದ್ದು ಅದೇ ಮೊದಲು. ಕೈ ಹಿಂದೆಗೆಯಲು ಹೊರಟಾಗ ಅಕ್ಕ ಕಣ್ಣು ಮುಚ್ಚಿಕೊಂಡೇ ಅಂದಳು:

“ಇನ್ನೂ ಸ್ವಲ್ಪ ಹೊತ್ತು ಇರಿ.”

ತಾಯಿ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು.