ಸರಾಸರಿಯಿಂದ ಭಾಗಿಸಿದವಳು

ಪದ್ಮಶ್ರೀ ಹನ್ನೊಂದು ದಿನ ಕೂತು ಮಾಡಿದ ರಿಪೋರ್ಟಿನ ಮೊದಲ ಪುಟದಲ್ಲಿ ಮುನೀಂದ್ರನ ಹೆಸರಿತ್ತು.

ಹೆಬ್ಬಾಳದ ಆ ಆಫೀಸಿನಲ್ಲಿ ಇಬ್ಬರ ಮೇಜೂ ಎದುರುಬದುರು. ಪ್ರಪಂಚದ ನಾಲ್ಕು ಭಾಗಗಳಿಂದ ಅರವತ್ತರವತ್ತು ಕಂಪನಿ ಆರಿಸಿ, ಎಲ್ಲಿ ಕಂಪನಿಯಿಂದ ಕಂಪನಿಗೆ ಆದಾಯ ಹೆಚ್ಚು ಏರುಪೇರು ಎಂದು ಲೆಕ್ಕ ಹಾಕುವ ಕೆಲಸ ಅವಳದು. ಅವನದು ಬೇರೆ ಟೀಮು. ಆದರೂ ಏಳು ತಿಂಗಳಿಂದ ಸಂಜೆ ಅವಳನ್ನು ಸ್ಕೂಟರಿನಲ್ಲಿ ಅಮೃತಹಳ್ಳಿಗೆ ಬಿಟ್ಟು, ಆಮೇಲೆ ಬಾಗಲಗುಂಟೆಯ ತನ್ನ ಮನೆಗೆ ಹೋಗುತ್ತಿದ್ದ. ಒಂದು ಈ ದಿಕ್ಕು, ಇನ್ನೊಂದು ಆ ದಿಕ್ಕು. ಕೇಳಿದರೆ, "ಈ ಕಡೆ ಟ್ರಾಫಿಕ್ ಕಮ್ಮಿ ಕಣೇ" ಅನ್ನುತ್ತಿದ್ದ.

ಶುಕ್ರವಾರ ಪ್ರಿಂಟರಿನ ಮೇಲೆ ಆ ಮೊದಲ ಪುಟ ನೋಡಿದವಳು ಬಸ್ಸು ಹಿಡಿದಳು. ಸೋಮವಾರ, ಮಂಗಳವಾರವೂ ಬಸ್ಸೇ. ಬೇರೆ ಯಾರಾದರೂ ಕದ್ದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು, ಅದೇನೂ ಅವಳಿಗೆ ಹೊಸದಲ್ಲ. ಇವನೇ ಕದ್ದನಲ್ಲ ಅಂತ ಎದುರು ಮೇಜಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಬುಧವಾರ ಮೆಟ್ಟಿಲ ಮೇಲೆ ಸಿಕ್ಕಿದ.

"ಪದ್ಮಾ, ಐದು ದಿನ ಆಯ್ತು. ನಾನೇನ್ ತಪ್ಪು ಮಾಡ್ದೆ ಅಂತಾದ್ರೂ ಹೇಳು."

"ದೊಡ್ಡವರು ನೀವು. ರಿಪೋರ್ಟ್ ಬರೆದೋರು. ನಿಮಗೆ ನಾನೇನ್ ಹೇಳ್ಲಿ?"

"ಯಾವ ರಿಪೋರ್ಟು?"

ಅವಳು ಹಾಳೆಗಳನ್ನು ಅವನ ಎದೆಗೆ ಒತ್ತಿದಳು. ತನ್ನ ಹೆಸರು ನೋಡಿ ಅವನ ಕಿವಿ ಕೆಂಪಾಯಿತು. ಪುಟ ತಿರುಗಿಸಿದ. ಹುಬ್ಬು ಗಂಟಾಯಿತು.

"ಇದು ನಾನ್ ಬರೆದಿದ್ದಾ? ಅಮೆರಿಕದ ಕಂಪನಿಗಳ ನಡುವೆ ಇಷ್ಟೊಂದು ವ್ಯತ್ಯಾಸ, ಆಫ್ರಿಕಾದಲ್ಲಿ ಇಷ್ಟೇ ಇಷ್ಟು. ಆದ್ರೂ ಏರುಪೇರು ಜಾಸ್ತಿ ಆಫ್ರಿಕಾದಲ್ಲಿ ಅಂದಿದೆಯಲ್ಲ, ಹೆಂಗೆ?"

"ಆ ವ್ಯತ್ಯಾಸಾನ ಸರಾಸರಿ ಆದಾಯದಿಂದ ಭಾಗಿಸಿದೀನಿ, ಕಾಣ್ಸಲ್ವಾ?"

"ಯಾಕೆ ಭಾಗಿಸ್ಬೇಕು?"

ಕದ್ದವನ ಮುಖ ಇಷ್ಟು ಪೆದ್ದಾಗಿರುವುದಿಲ್ಲ. ಪದ್ಮಶ್ರೀಗೆ ಐದು ದಿನದಿಂದ ಸಿಕ್ಕಿಕೊಂಡಿದ್ದ ಉಸಿರು ಸಲೀಸಾಗಿ ಆಚೆ ಬಂತು.

"ಕಲ್ಲಂಗಡಿ ಕಲ್ಲಂಗಡಿಗೆ ಇನ್ನೂರು ಗ್ರಾಂ ಹೆಚ್ಚುಕಮ್ಮಿ ಇದ್ರೆ ಗೊತ್ತೇ ಆಗಲ್ಲ. ನಿಂಬೆಹಣ್ಣಲ್ಲಿ ಇಪ್ಪತ್ತೇ ಗ್ರಾಂ ಹೆಚ್ಚುಕಮ್ಮಿ ಆಗ್ಲಿ, ಕಣ್ಣಿಗೆ ಹೊಡೆಯತ್ತೆ. ಅಮೆರಿಕದ್ದು ಕಲ್ಲಂಗಡಿ, ಆಫ್ರಿಕಾದ್ದು ನಿಂಬೆಹಣ್ಣು. ಹಣ್ಣಿನ ಗಾತ್ರಕ್ಕೆ ಹೋಲಿಸಿ ನೋಡ್ಬೇಕು ಕಣೋ, ದಡ್ಡ!"

ಅವನು ನಕ್ಕ. "ಅಬ್ಬಾ, ಬೈದೆಯಲ್ಲ. ಬದುಕಿದೆ."

"ನಗ್ಬೇಡ."

"ಇಷ್ಟು ಲೆಕ್ಕ ಬರೋಳಿಗೆ, ಬಾಗಲಗುಂಟೆಯೋನು ಅಮೃತಹಳ್ಳಿ ಮೇಲೆ ಹೋಗೋದು ಟ್ರಾಫಿಕ್ಕಿಗಲ್ಲ ಅಂತ ಗೊತ್ತಾಗ್ಲಿಲ್ವಾ?"

"ಮೊದಲನೇ ದಿನವೇ ಗೊತ್ತಾಯ್ತು." ಅವಳು ಕಂಬಿಯ ಮೇಲೆ ಬೆರಳಾಡಿಸುತ್ತ, ಓರೆಗಣ್ಣಲ್ಲಿ ಅವನನ್ನೇ ನೋಡಿದಳು. "ನೀನು ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ."

"ಬಿಟ್ಟೆ. ನೀನಿಲ್ದೆ ಇರಕ್ಕಾಗಲ್ಲ ನಂಗೆ. ಐದು ದಿನ ನೋಡ್ದೆ, ಆಗಲ್ಲ."

ಮೇಲಿನ ಬಾಗಿಲು ತೆರೆಯಿತು. ಮ್ಯಾನೇಜರ್ ಸತೀಶ್.

"ಮುನೀಂದ್ರ, ಬೇಗ ಬಾ. ಕ್ಲೈಂಟ್ ಲೈನಲ್ಲಿದಾರೆ, ಆ ರಿಪೋರ್ಟ್ ನೀನೇ ಹೇಳ್ಬೇಕು. ಪದ್ಮಶ್ರೀ, ಇವನಿಗೆ ನಾಲ್ಕು ಪಾಯಿಂಟ್ ಬರೆದುಕೊಡಿ."

"ಇದು ಇವಳ ಕೆಲಸ, ಸಾರ್."

"ಗೊತ್ತಪ್ಪ, ನಿನ್ನ ಹೆಸರು ನಾನೇ ಹಾಕಿಸಿದ್ದು. ಕ್ಲೈಂಟು ನಿನ್ನಂಥ ಎಂಬಿಎ ಕೇಳ್ತಾರೆ. ಸರ್ಕಾರಿ ಕಾಲೇಜಿನ ಬಿಎಸ್ಸಿ ಹುಡುಗೀನ ಮುಂದೆ ಕೂರಿಸೋಕಾಗುತ್ತಾ?"

ಫ್ಯಾನ್ ಹಾಕು ಅನ್ನುವಷ್ಟು ಸಲೀಸಾಗಿ ಹೇಳಿದರು. ಇಂಥವರಿಗೆ ದನಿ ಎತ್ತುವ ಅಗತ್ಯವೇ ಬೀಳುವುದಿಲ್ಲ.

"ಮುಂದಿನ ತಿಂಗಳು ನಿನ್ನ ಕೆಲಸ ಕಾಯಂ ಆಗ್ಬೇಕು ಮುನೀಂದ್ರ, ಮರೀಬೇಡ. ನಡಿ ಒಳಗೆ."

ಪದ್ಮಶ್ರೀ ಮುನೀಂದ್ರನನ್ನೇ ನೋಡುತ್ತಿದ್ದಳು. ಪ್ರೀತಿಯ ಮಾತಾಡಿ ಇನ್ನೂ ಅರ್ಧ ನಿಮಿಷವಾಗಿರಲಿಲ್ಲ.

ಮುನೀಂದ್ರ ಹಾಳೆಗಳನ್ನು ನೀಟಾಗಿ ಜೋಡಿಸಿ ಅವಳ ಕೈಗಿಟ್ಟ. ಮೆಟ್ಟಿಲ ಮೇಲೆ ಆರಾಮಾಗಿ ಕೂತುಬಿಟ್ಟ.

"ಇವಳು ಬರ್ತಾಳೆ ಸಾರ್. ನಾನು ಬರಲ್ಲ."