ಆರು ನಿಮಿಷ ಏರಿದ ಬಾವಿ

"ನನ್ನ ಮಗಳು ಅಳಿಸಿದ್ದಲ್ಲ ಟೀಚರೇ. ನಿನ್ನೆಯಿಂದ ಅವಳು ಮಾಡಿದ್ದು ಅಳುವುದು ಮಾತ್ರ."

ಹೀಗೆಂದು ಅಪ್ಪಿ, ಸೆಲೀನ್ ಟೀಚರ ಜಗಲಿಯ ಮೆಟ್ಟಿಲಲ್ಲಿ ಕುಳಿತರು. ಮೀನು ಮಾರುವ ಹೆಂಗಸು, ಶ್ಲೇಷೆ ಮಾಡಬೇಕೆಂದು ಬಂದವರಲ್ಲ. ಆದರೂ ಅಷ್ಟು ಸಲೀಸಾಗಿ ಬಾಯಿಂದ ಬಿದ್ದದ್ದನ್ನು ಕೇಳಿ ನನಗೆ ಒಳಗೊಳಗೇ ಉರಿಯಿತು. ಅಂಥದ್ದೊಂದು ಹೊಳೆಯಬೇಕಾದರೆ ನಾನು ಎರಡು ಲೋಟ ಚಹಾ ಕುಡಿಯಬೇಕು.

ಸೆಲೀನ್ ಟೀಚರು ಕಾಪುವಿನಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಊರಿನಲ್ಲಿ ಏನೇ ಬಿಡಿಸಲಾಗದ ಗಂಟು ಬಿದ್ದರೂ ಜನ ಸ್ಟೇಷನ್ನಿಗೆ ಹೋಗುವ ಮೊದಲು ಇವರ ಜಗಲಿಗೆ ಬರುತ್ತಾರೆ. ನಾನು ಪ್ರವೀಣ, ಅವರ ಮಾಳಿಗೆಯ ಬಾಡಿಗೆದಾರ, ಉಡುಪಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಅಂದ ಮೇಲೆ ಯಾವಾಗ ಹೊರಡಬೇಕೆಂಬುದು ಆತಿಥೇಯರ ಇಷ್ಟ. ಪತ್ತೇದಾರಿಯಲ್ಲಿ ಟೀಚರದ್ದು ತಲೆ, ನನ್ನದು ಸ್ಕೂಟರು.

ಅಪ್ಪಿ ಹೇಳಿದ್ದು ಇಷ್ಟು. ಮಗಳು ಹರ್ಷಿಣಿ ಒಂಬತ್ತನೇ ತರಗತಿ. ಶಾಲೆಗೆ ಕಳೆದ ಜೂನಿನಲ್ಲಿ ಕಾರ್ಕಳದಿಂದ ಬಂದ ಕಂಪ್ಯೂಟರ್ ಮಾಸ್ಟ್ರು ಜಿತೇಶ್, ಮಕ್ಕಳಿಂದ 'ನಮ್ಮೂರ ಬಾವಿ' ಎಂಬ ಯೋಜನೆ ಮಾಡಿಸಿದ್ದರು. ಪ್ರತಿ ಮಗು ವಾರಕ್ಕೊಮ್ಮೆ ಒಂದು ಬಾವಿಯ ನೀರು ಎಷ್ಟು ಕೆಳಗಿದೆಯೆಂದು ಅಳೆದು, ಎಲ್ಲರೂ ಒಟ್ಟಿಗೆ ಬರೆಯಬಹುದಾದ ಒಂದೇ ಆನ್‌ಲೈನ್ ಕಡತದಲ್ಲಿ ತುಂಬಿಸಬೇಕು. ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಸೇರಿಸಬೇಕು. ಚೆನ್ನಾಗಿರುವುದು ಶಾಲೆಯ ಇನ್‌ಸ್ಟಾಗ್ರಾಂ ಪುಟಕ್ಕೆ. ಹರ್ಷಿಣಿ ರೆಕಾರ್ಡ್ ಮಾಡಿದ ಉಚ್ಚಿಲದ ಕೂಸಪ್ಪಜ್ಜನ ಬಾವಿ ಪುರಾಣವನ್ನು ನಲವತ್ತು ಸಾವಿರ ಜನ ಕೇಳಿದ್ದರು. ನನ್ನ ಮಿಮಿಕ್ರಿ ವಿಡಿಯೋ ನೋಡಿದವರು ಇನ್ನೂರ ಹದಿನಾಲ್ಕು ಜನ. ಅದರಲ್ಲಿ ಅರ್ಧ ನಾನೇ. ಇರಲಿ.

ಸೋಮವಾರ ಮಣಿಪಾಲದಲ್ಲಿ ಶಾಲೆಗಳ ಪ್ರದರ್ಶನ. ಅಲ್ಲಿ ಮಾತಾಡುವುದು ಅವಳ ಸಹಪಾಠಿ ಕೀರ್ತನ್, ಸ್ಲೈಡ್ ಒತ್ತುವುದು ಹರ್ಷಿಣಿ ಎಂದು ಜಿತೇಶ್ ಶುಕ್ರವಾರ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಹುಡುಗಿಗೆ ಹೊಟ್ಟೆ ಉರಿಯಿತು. "ನಾನು ಸೇರಿಸಿದ್ದೆಲ್ಲ ತೆಗೆದರೆ ಅವನು ಎಂತ ಮಾತಾಡ್ತಾನೆ ನೋಡ್ತೇನೆ" ಎಂದು ಅದೇ ಗುಂಪಿನಲ್ಲಿ ಬರೆದುಬಿಟ್ಟಳು. ಶನಿವಾರ ರಜೆ ಹಾಕಿದಳು. ಅದೇ ದಿನ ಹನ್ನೊಂದು ಇಪ್ಪತ್ತಕ್ಕೆ ಇಡೀ ಕಡತ ಬರಿದಾಯಿತು. ಯಾರು ಯಾವಾಗ ಏನು ಬದಲಿಸಿದರೆಂದು ಕಡತವೇ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿದ್ದ ಹೆಸರು ಹರ್ಷಿಣಿ.

"ಅಳಿಸಿದ್ದು ಎರಡು ನಿಮಿಷದಲ್ಲಿ ವಾಪಸು ಬಂತಂತೆ ಟೀಚರೇ," ಅಪ್ಪಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಶುಕ್ರವಾರದ್ದನ್ನು ಸರ್ ಹಾಗೇ ತಂದು ಕೂರಿಸಿದ್ರು. ಇವಳ ಮರ್ಯಾದೆ ಬರಲಿಲ್ಲ. ಅವಳ ಹೆಸರಿರುವ ಫೋಟೋ ತೆಗೆದು ಗುಂಪಿಗೆ ಹಾಕಿದ್ದಾರೆ. ನಲವತ್ತಮೂರು ಮನೆಯವರು ನೋಡಿಯಾಯ್ತು. ನಾಳೆ ಮಣಿಪಾಲದ ಬಸ್ ಹತ್ತಬಾರದಂತೆ. ಇವಳು, ಇನ್ನು ಶಾಲೆಗೇ ಹೋಗುವುದಿಲ್ಲ ಅಂತ ಚಾಪೆ ಹಿಡಿದಿದ್ದಾಳೆ."

"ಹನ್ನೊಂದು ಇಪ್ಪತ್ತಕ್ಕೆ ಅವಳು ಎಲ್ಲಿದ್ದಳು?"

"ನನ್ನೊಟ್ಟಿಗೆ, ಕಾರ್ಕಳ ಮಾರ್ಕೆಟಿನಲ್ಲಿ. ಬಂಗುಡೆ ತೂಗ್ತಾ ಇದ್ದಳು."

"ಫೋನು?"

"ಅದೂ ಇತ್ತು. ಅದೇ ತೊಂದರೆ ಮಾರಾಯ್ರೆ! ಅಲ್ಲಿಂದಲೇ ಒತ್ತಿದ್ದಾಳೆ ಅಂತ ಸರ್ ಹೇಳುವುದು."

ಟೀಚರು ಕನ್ನಡಕ ಏರಿಸಿದರು. "ಪ್ರವೀಣಾ, ಸ್ಕೂಟರ್ ತೆಗಿ."

ಭಾನುವಾರವಾದರೂ ಶಾಲೆ ತೆರೆದಿತ್ತು. ಹಾಲಿನಲ್ಲಿ ಕೀರ್ತನ್ ಗೋಡೆಗೆ ಭಾಷಣ ಒಪ್ಪಿಸುತ್ತಿದ್ದ. ನಮ್ಮನ್ನು ಕಂಡದ್ದೇ ತನ್ನ ಸ್ಲೈಡ್ ತೋರಿಸಿದ. "ಇದು ನನ್ನ ಬಾವಿ ಟೀಚರ್. ಅಂಬಲಪಾಡಿ, ಅಜ್ಜಿ ಮನೆ. ನಮ್ಮ ಫ್ಲ್ಯಾಟಿನಲ್ಲಿ ಬಾವಿ ಇಲ್ಲವಲ್ಲ. ಮೂರು ವಾರ ನಾನೊಬ್ಬನೇ ಅಳೆದದ್ದು: ಮೂರು ಅರವತ್ತು, ಮೂರು ಎಪ್ಪತ್ತೈದು, ಮೂರು ತೊಂಬತ್ತು ಮೀಟರ್. ನಾಳೆ ಇದರಿಂದಲೇ ಶುರು."

"ಹರ್ಷಿಣಿ ಅಲ್ಲಿಗೆ ಬಂದಿದ್ದಳಾ?"

"ಇಲ್ಲಪ್ಪ! ಅವಳು ಯಾಕೆ ಬರ್ತಾಳೆ? ಅವಳಿಗೆ ನನ್ನ ಕಂಡರೇ ಆಗುವುದಿಲ್ಲ."

ಲ್ಯಾಬಿನಲ್ಲಿ ಜಿತೇಶ್ ಇದ್ದರು. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದ ಕನ್ನಡ. "ಸಹಭಾಗಿ ಕಲಿಕೆಯಲ್ಲಿ ನಂಬಿಕೆ ಮುಖ್ಯ, ಸರ್" ಎಂದರು. ಆ ಧ್ವನಿ ನನ್ನ ಗಂಟಲಿಗೆ ತಕ್ಷಣ ಕೂತಿತು. ಹಂಚಿ ಕಲಿಯುವ ಕಡೆ ಹೊಂಚಿ ಕಾಯುವವರೂ ಇರುತ್ತಾರೆ ಸರ್, ಎಂದು ಅದೇ ಧ್ವನಿಯಲ್ಲಿ ಉತ್ತರಿಸಿದೆ. ಟೀಚರು ನನ್ನ ಕಾಲು ತುಳಿದರು.

"ಹರ್ಷಿಣಿ ಈ ಕಂಪ್ಯೂಟರ್ ಬಳಸಿದ್ದುಂಟಾ?"

"ಶುಕ್ರವಾರ ಬಳಸಿ, ಸಿಟ್ಟಿನಲ್ಲಿ ಅಕೌಂಟ್ ತೆರೆದೇ ಬಿಟ್ಟು ಹೋಗಿದ್ದಳು. ನಾನೇ ನಿನ್ನೆ ಮಧ್ಯಾಹ್ನ ಮುಚ್ಚಿದೆ. ಆದರೆ ಲ್ಯಾಬಿಗೆ ಬೀಗ ಇತ್ತು. ಕೀ ಹೆಡ್‌ಮಾಸ್ಟರ ಕೋಣೆಯ ಗೋಡೆಯಲ್ಲಿರುತ್ತದೆ."

"ಗೋಡೆಯ ಕೀ ಎಂದರೆ ಎಲ್ಲ ಟೀಚರುಗಳ ಕೀ," ಎಂದರು ಸೆಲೀನ್ ಟೀಚರು.

ಅಷ್ಟರಲ್ಲಿ ವಿಜ್ಞಾನದ ವಿಜೇತಾ ಟೀಚರು ಸುರುಳಿ ಸುತ್ತಿದ ಚಾರ್ಟುಗಳನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತರು. "ಮಷಿನ್ ನಂಬಿದರೆ ಇಷ್ಟೇ. ಹನ್ನೊಂದು ವರ್ಷ ಇದೇ ಬಾವಿಗಳನ್ನು ಮಕ್ಕಳಿಂದ ಅಳೆಸಿದವಳು ನಾನು. ಚಾರ್ಟ್ ಪೇಪರಿನಲ್ಲಿ. ಗೆದ್ದಲು ತಿಂದರೂ ಯಾರೂ ಲೈಕ್ ಒತ್ತಲಿಲ್ಲ. ಈಗ ಅದನ್ನೇ ಕಂಪ್ಯೂಟರಿಗೆ ಹಾಕಿದ ಮೇಲೆ ಮಣಿಪಾಲದವರು ಕರೀತಾರೆ." ಜಿತೇಶ್ ಮೊಬೈಲ್ ನೋಡಿಕೊಂಡರು. ಅವರನ್ನು ಕಂಡರೆ ಉರಿಯುವವನು ನಾನೊಬ್ಬನೇ ಅಲ್ಲವೆಂದು ನನಗೆ ಸಮಾಧಾನವಾಯಿತು.

"ಅಳಿಸುವ ಸ್ವಲ್ಪ ಮೊದಲು ಕಡತ ಹೇಗಿತ್ತು? ಅದನ್ನು ತೋರಿಸಿ," ಎಂದರು ಟೀಚರು.

ಜಿತೇಶ್ ಹುಬ್ಬೇರಿಸಿದರು. ಅದನ್ನು ಯಾರೂ ನೋಡಿರಲಿಲ್ಲ. ಶುಕ್ರವಾರದ್ದು ಸಿಕ್ಕಿತಲ್ಲ, ಸಾಕು ಎಂದುಕೊಂಡಿದ್ದರು. ಈಗ ತೆರೆದರೆ, ಶನಿವಾರ ಹನ್ನೊಂದು ಹದಿನಾಲ್ಕಕ್ಕೆ, ಹರ್ಷಿಣಿಯ ಹೆಸರಿನಲ್ಲೇ, ಇನ್ನೊಂದು ಬದಲಾವಣೆ. ಕೀರ್ತನನ ಮೂರು ಅಂಕಿಗಳು ಎರಡು ಎಂಬತ್ತೈದು, ಮೂರು, ಮೂರು ಹದಿನೈದು ಆಗಿದ್ದವು.

"ಅಯ್ಯೋ, ಅಂಬಲಪಾಡಿಯಲ್ಲಿ ಬಾವಿ ನೀರು ಮುಕ್ಕಾಲು ಮೀಟರ್ ಏರಿತು! ಆರು ನಿಮಿಷ ಬಿಟ್ಟು ಇಡೀ ತಾಲೂಕಿನ ಬಾವಿಗಳೇ ಬತ್ತಿದವು!" ಎಂದು ನಾನು ವಾರ್ತೆ ಓದುವವರ ಧ್ವನಿಯಲ್ಲಿ ಸಾರಿದೆ.

ಟೀಚರು ನಗಲಿಲ್ಲ. "ಮೂರರಲ್ಲೂ ಸರಿಯಾಗಿ ಮುಕ್ಕಾಲು," ಎಂದಷ್ಟೇ ಹೇಳಿದರು.

ಅಂಬಲಪಾಡಿಯ ದಾರಿಯಲ್ಲಿ ನಾನು ನನ್ನ ತೀರ್ಪು ಕೊಟ್ಟೆ. "ಕೀರ್ತನ್! ಹರ್ಷಿಣಿಯ ನಲವತ್ತು ಸಾವಿರ ಅವನಿಗೆ ಅರಗಲಿಲ್ಲ. ತೆರೆದಿದ್ದ ಅಕೌಂಟ್ ಸಿಕ್ಕಿತು. ಅವನ ಅಂಕಿಯನ್ನು ಅವಳೇ ಕೆಡಿಸಿದಳು ಅಂತ ಕಾಣಲಿ ಎಂದು ಮೊದಲು ಅದನ್ನು ಬದಲಿಸಿದ."

"ಕೆಡಿಸಿದ್ದು ಅಂತ ನಿನಗೆ ಯಾರು ಹೇಳಿದ್ದು?" ಹಿಂದಿನ ಸೀಟಿನಿಂದ ಪ್ರಶ್ನೆ ಬಂತು.

ಕೀರ್ತನನ ಅಜ್ಜಿ ನಮಗೆ ಎಳನೀರು ಕೊಟ್ಟರು. ಟೀಚರು ಬಾವಿಯ ಹತ್ತಿರ ಹೋಗಿ ಒಳಗೆ ಬಗ್ಗಿಯೂ ನೋಡಲಿಲ್ಲ. ಚೀಲದಿಂದ ಟೇಪು ತೆಗೆದು, ನೆಲದಿಂದ ಬಾವಿಕಟ್ಟೆಯ ಮೇಲಂಚಿನವರೆಗೆ ಅಳೆದರು. ಎಪ್ಪತ್ತೈದು ಸೆಂಟಿಮೀಟರ್.

"ಇದನ್ನು ಅಳೆಯಲು ಬೇರೆ ಯಾರಾದರೂ ಬಂದಿದ್ದರಾ ಅಮ್ಮ?"

"ಮೊಮ್ಮಗ ಹಗ್ಗ ಇಳಿಸಿದ, ಅಷ್ಟೆ. ಕಟ್ಟೆ ಅಳೆದದ್ದು ಎರಡು ವರ್ಷದ ಹಿಂದೆ. ಶಾಲೆಯಿಂದ ಟೀಚರು ಬಂದಿದ್ರು. ಬರೆದುಕೊಂಡು ಹೋದ್ರು. ಚಹಾ ಕೂಡ ಕುಡಿಯಲಿಲ್ಲ, ಪಾಪ."

ನಾಲ್ಕು ಗಂಟೆಗೆ ಲ್ಯಾಬಿನಲ್ಲಿ ಎಲ್ಲರೂ ಸೇರಿದರು. ಹೆಡ್‌ಮಾಸ್ಟರ್ ಉಮಾನಾಥರು, ಜಿತೇಶ್, ವಿಜೇತಾ ಟೀಚರು, ಕೀರ್ತನ್. ಬಾಗಿಲ ಹತ್ತಿರ ಅಪ್ಪಿ, ಅವರ ಬೆನ್ನ ಹಿಂದೆ ಕಣ್ಣು ಊದಿದ ಹರ್ಷಿಣಿ.

"ಬೇಗ ಮುಗಿಸುವ ಟೀಚರೇ, ನಾಳೆಯ ತಯಾರಿ ಉಂಟು," ಎಂದರು ಉಮಾನಾಥರು.

"ಮೂವತ್ತೆರಡು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ನಾನು," ಸೆಲೀನ್ ಟೀಚರು ಶುರು ಮಾಡಿದರು. "ಹಾಳು ಮಾಡಲು ಬಂದವರು ಹಾಳು ಮಾಡಿ ಹೋಗುತ್ತಾರೆ. ಇಲ್ಲಿ ಬಂದವರು ಮೊದಲು ಒಂದು ತಪ್ಪನ್ನು ತಿದ್ದಿದ್ದಾರೆ. ಕೀರ್ತನಾ, ನೀನು ಹಗ್ಗವನ್ನು ಎಲ್ಲಿಂದ ಅಳೆದದ್ದು?"

"ಕಟ್ಟೆಯ ಮೇಲಿನಿಂದ ಟೀಚರ್."

"ಅಳೆಯಬೇಕಾದದ್ದು?"

ಹುಡುಗನ ಬಾಯಿ ತೆರೆದುಕೊಂಡಿತು. "ನೆಲದಿಂದ! ಕಟ್ಟೆಯ ಎತ್ತರ ಕಳೆಯಬೇಕು. ಅಯ್ಯೋ, ಮರೆತೇ ಹೋಯ್ತು!"

"ಕಳೆಯಬೇಕಾದದ್ದು ಎಪ್ಪತ್ತೈದು ಸೆಂಟಿಮೀಟರ್. ಅಂದರೆ ಹನ್ನೊಂದು ಹದಿನಾಲ್ಕಕ್ಕೆ ಬರೆದ ಅಂಕಿಗಳೇ ಸರಿ. ಇದನ್ನು ಕೀರ್ತನ್ ಮಾಡಿಲ್ಲ. ತಪ್ಪು ಅಂತ ಗೊತ್ತಿದ್ದರೆ ಇವತ್ತು ಬೆಳಿಗ್ಗೆ ಅದನ್ನೇ ಹೆಮ್ಮೆಯಿಂದ ನನಗೆ ತೋರಿಸುತ್ತಿರಲಿಲ್ಲ. ಹರ್ಷಿಣಿ ಮಾಡಿಲ್ಲ, ನಿಯಮ ಗೊತ್ತಿದ್ದರೂ ಆ ಕಟ್ಟೆಯನ್ನು ಅವಳು ಕಂಡೇ ಇಲ್ಲ. ಕಾಣದ ಕಟ್ಟೆಯ ಎತ್ತರ ಕಾರ್ಕಳದ ಮೀನು ಮಾರ್ಕೆಟಿನಲ್ಲಿ ಸಿಗುವುದಿಲ್ಲ. ಕಟ್ಟೆಯನ್ನು ಅಳೆದದ್ದು ಶಾಲೆಯಿಂದ ಹೋದ ಒಬ್ಬರು ಟೀಚರು, ಎರಡು ವರ್ಷದ ಹಿಂದೆ. ಆಗ ಜಿತೇಶ್ ಈ ಶಾಲೆಗೆ ಬಂದೇ ಇರಲಿಲ್ಲ."

ವಿಜೇತಾ ಟೀಚರ ಕೈಯ ಚಾರ್ಟೊಂದು ನೆಲಕ್ಕೆ ಜಾರಿ ತಾನಾಗಿ ಬಿಚ್ಚಿಕೊಂಡಿತು.

"ಅಳಿಸಲು ಬಂದದ್ದಲ್ಲ ನಾನು," ಅವರ ಧ್ವನಿ ಸಣ್ಣಗಿತ್ತು. "ನೋಡಲು ಬಂದದ್ದು. ಶನಿವಾರ ಅರ್ಧ ದಿನವಲ್ಲ, ಶಾಲೆ ಬಿಟ್ಟಿತ್ತು; ಗೋಡೆಯ ಕೀ ತೆಗೆದೆ. ಕಂಪ್ಯೂಟರಿನಲ್ಲಿ ಕಡತ ತೆರೆದೇ ಇತ್ತು. ಎಷ್ಟು ಚಂದ ಮಾಡಿದ್ದಾರೆ ಮಕ್ಕಳು! ಕೀರ್ತನನ ಬಾವಿ ತಪ್ಪಿತ್ತು, ಕೈ ಸುಮ್ಮನಿರಲಿಲ್ಲ, ತಿದ್ದಿದೆ. ಆಮೇಲೆ ಕೊನೆಯ ಪುಟಕ್ಕೆ ಹೋದೆ. ಪರಿಕಲ್ಪನೆ, ಮಾರ್ಗದರ್ಶನ, ಎಲ್ಲಾ ಜಿತೇಶ್. ನನ್ನ ಹೆಸರು ಸಹಕಾರದಲ್ಲೂ ಇಲ್ಲ. ಅದನ್ನೇ ನೋಡ್ತಾ ಕೂತೆ. ಎಲ್ಲ ಒಟ್ಟಿಗೆ ಆಯ್ಕೆ ಮಾಡಿ ಒಂದು ಗುಂಡಿ ಒತ್ತಿದೆ. ಮಷಿನ್ ಕೈ ಕೊಟ್ಟಿತು ಅಂತ ಇವರು ತಲೆ ತಗ್ಗಿಸಲಿ ಅಂತ. ಆ ಹುಡುಗಿಯ ಹೆಸರು ಬರ್ತದೆ ಅಂತ ನನಗೆ ದೇವರಾಣೆ ಗೊತ್ತಿರಲಿಲ್ಲ."

"ಬಂದ ಮೇಲೆ ಗೊತ್ತಾಯ್ತಲ್ಲ," ಎಂದರು ಅಪ್ಪಿ. "ನೀವೂ ಆ ಗುಂಪಿನಲ್ಲಿದ್ದೀರಿ. ಮನೆಯಲ್ಲಿ ಊಟ ಮಾಡಿದ್ರಿ, ಮಲಗಿದ್ರಿ. ಇವಳು ಎರಡೂ ಮಾಡಲಿಲ್ಲ."

ವಿಜೇತಾ ಟೀಚರು ಬಿದ್ದ ಚಾರ್ಟನ್ನು ಎತ್ತಲು ಬಗ್ಗಿದರು. ಜಿತೇಶ್‌ ಕುತ್ತಿಗೆಯವರೆಗೆ ಕೆಂಪಾಗಿ, "ಹೆಸರು ಹಾಕಬೇಕಿತ್ತು. ಫೋಟೋ ಹಾಕಬಾರದಿತ್ತು," ಎಂದರು. ಆ ಇಸ್ತ್ರಿ ಮುರಿದ ಧ್ವನಿಯನ್ನು ನಾನು ಇಂದಿಗೂ ಅನುಕರಿಸಿಲ್ಲ.

ಉಮಾನಾಥರು ಕೆಮ್ಮಿದರು. "ಇದನ್ನು ಇಲ್ಲಿಗೇ ಮುಗಿಸುವ. ಒಳಗಿನ ವಿಷಯ. ಹರ್ಷಿಣಿ ನಾಳೆ ಬರಲಿ, ಮಾತೂ ಅವಳೇ ಆಡಲಿ. ಆಯ್ತಲ್ಲ?"

"ಆಗಲಿಲ್ಲ," ಎಂದಳು ಹರ್ಷಿಣಿ. ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. "ನನ್ನ ಹೆಸರು ಹಾಕಿದ್ದು ಗುಂಪಿನಲ್ಲಿ. ತೆಗೆಯುವುದೂ ಅಲ್ಲೇ ಆಗಬೇಕು ಸರ್. ಇಲ್ಲದಿದ್ದರೆ ನಾನು ಬರುವುದಿಲ್ಲ. ಮಾತು ಕೀರ್ತನೇ ಆಡಲಿ."

ಹೆಡ್‌ಮಾಸ್ಟರು ಸೆಲೀನ್ ಟೀಚರನ್ನು ನೋಡಿದರು. ಅವರು ಟೇಪನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಪತ್ತೆ ಮಾಡುವುದಷ್ಟೇ ತನ್ನ ಕೆಲಸ ಎಂಬ ಹಾಗೆ.

ವಿಜೇತಾ ಟೀಚರು ಫೋನ್ ತೆಗೆದು, ಗುಂಪು ತೆರೆದು, ಒತ್ತಿ ಬಾಯಿಯ ಹತ್ತಿರ ಹಿಡಿದರು. "ಮಕ್ಕಳೇ, ಪೋಷಕರೇ. ಕಡತ ಅಳಿಸಿದ್ದು ಹರ್ಷಿಣಿ ಅಲ್ಲ. ನಾನು, ವಿಜೇತಾ ಟೀಚರ್. ಹೊಟ್ಟೆಕಿಚ್ಚಿನಿಂದ." ಅಲ್ಲಿಗೆ ಬೆರಳು ಬಿಟ್ಟರು.

ಎಲ್ಲರ ಕಿಸೆಯಲ್ಲೂ ಚೀಲದಲ್ಲೂ ಒಮ್ಮೆಗೇ ಟಿಂಗ್ ಎಂದಿತು. ನಲವತ್ತಮೂರು ಮನೆಗಳಲ್ಲಿ ಕೇಳುತ್ತಿರುವುದು ವಿಜೇತಾ ಟೀಚರ ಪರದೆಯಲ್ಲಿ ಒಂದೊಂದಾಗಿ ಕಾಣುತ್ತಿತ್ತು. ಒಂದು ಹೂವಿನ ಚಿತ್ರವಿಲ್ಲ, ಕೈಮುಗಿಯುವ ಗೊಂಬೆಯಿಲ್ಲ. ಅಷ್ಟು ಮೌನವಾದ ವಾಟ್ಸಾಪ್ ಗುಂಪನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಆಗ ಅಪ್ಪಿ ಸೊಂಟದ ಚೀಲದಿಂದ, ಮಗಳ ಹೆಸರಿನಲ್ಲೇ ಗುಂಪಿಗೆ ಸೇರಿದ್ದ ಮನೆಯ ಫೋನನ್ನು ತೆಗೆದರು. ಮಾರ್ಕೆಟಿನಲ್ಲಿ ಕರೆಯುವ ಅದೇ ಗಂಟಲಿನಲ್ಲಿ, ಒತ್ತಿ ಹಿಡಿದು ಹೇಳಿದರು:

"ಎಲ್ಲರೂ ಕೇಳಿದಿರಲ್ಲ? ಈಗ ಹೇಳಿ, ನಾಳೆ ಮಣಿಪಾಲದ ಬಸ್ಸು ಎಷ್ಟು ಗಂಟೆಗೆ?"