ತಿರುವಿನ ಕಂಬದ ಮೊಳೆ

"ಆ ಕಂಬ ಒಂದನ್ನ ಮುಟ್ಟಬೇಡಪ್ಪಾ. ಬೇರೆ ಎಲ್ಲಿ ಬೇಕಾದ್ರೂ ಕಟ್ಕೋ ನಿನ್ನ ಗಂಟೆ."

ಹಾಲಿನಜ್ಜಿ ಗೇಟಿನ ಪಕ್ಕದ ಗುಡಿಸಲ ಹೊಸ್ತಿಲ ಮೇಲೆ ಕೂತು ಹೇಳಿದಳು. ಹೆಗಲ ಮೇಲೆ ಏಣಿ ಹೊತ್ತ ಲೈನ್‌ಮನ್ ನಿಂತ. ಹದಿನಾರು ವರ್ಷ ಫೋನಿನ ಕಂಬ ಹತ್ತಿ ಸಾಕಾಗಿ, ಎರಡು ತಿಂಗಳ ಹಿಂದಷ್ಟೇ ಹೆಂಡತಿ ಮಗಳ ಜೊತೆ ಬಂದು ಕೋಳಿಮರಿ ಸಾಕುವ ಈ ಜಾಗ ಹಿಡಿದಿದ್ದ.

"ಯಾಕಜ್ಜಿ, ಕಂಬಕ್ಕೆ ಕಚಗುಳಿ ಆಗತ್ತಾ?"

"ತಮಾಷೆ ಅಲ್ಲ. ನೀವೀಗ ಇರೋ ಮನೆ ಮೇಲೆ ಅಲ್ಲಿನ ಯಜಮಾನ್ರ ಒಡಹುಟ್ಟಿದವನೇ ಮಾಟ ಮಾಡಿಸಿ ಕಳಿಸಿದ್ದ. ಮನೇಲಿರೋ ಚಿಕ್ಕ ಜೀವ ತಗೊಂಡೇ ವಾಪಸ್ ಬಾ ಅಂತ. ಅದು ಇನ್ನೂ ಬರತ್ತೆ. ಗೇಟು ದಾಟತ್ತೆ, ತಿರುವಿನ ತನಕ ಬರತ್ತೆ, ಅಲ್ಲಿಗೆ ನಿಲ್ಲತ್ತೆ. ನಿಲ್ಲಿಸಿರೋದು ಕಂಬದ ಮೊಳೆ. ಹೊಡೆದವರು ಆ ಯಜಮಾನ್ರೇ." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೊಳೆ ಹೊಡೆಯೋವಾಗ ಕಂಬದ ಹತ್ತಿರ ಗೇಟಿನ ಕಡೆ ಯಾರಿರ್ತಾರೋ ಅವರು ಆಮೇಲೂ ಆ ಕಡೇನೇ ಉಳೀಬೇಕು. ಅವರು ಗೇಟಿನ ಕಡೆ ನಿಂತು ಹೊಡೆದ್ರು. ಆಮೇಲೆ ಮನೆ ಕಡೆ ಕಾಲಿಡೋಕೆ ಆಗ್ಲೇ ಇಲ್ಲ. ಹನ್ನೊಂದು ವರ್ಷ ಈ ಗುಡಿಸಲಲ್ಲೇ ಕಳೆದ್ರು."

"ಗಂಡಸು ಮನೆಗೆ ಹೋಗದೇ ಇರೋಕೆ ಮಾಟ ಬೇರೆ ಬೇಕಾ ಅಜ್ಜಿ?"

ತನ್ನ ಮಾತಿಗೆ ತಾನೇ ನಕ್ಕ. ಅಜ್ಜಿ ನಗಲಿಲ್ಲ. "ನಿನ್ನ ಮನೇಲೂ ಮಗು ಇದೆ," ಅಂದಳು, ಅಷ್ಟೇ.

ಅವನ ತಲೆನೋವೇ ಬೇರೆ. ಗೇಟಿನಿಂದ ಮನೆಗೆ ಒಂದು ಕಿಲೋಮೀಟರಿಗೂ ಹೆಚ್ಚು. ಮರಿ ತರುವ ವ್ಯಾನಿನವನು ಗೇಟಿನಲ್ಲಿ ಎಷ್ಟು ಹಾರ್ನ್ ಹೊಡೆದರೂ ಮರಿಕೋಣೆಯ ಫ್ಯಾನುಗಳ ಗದ್ದಲದಲ್ಲಿ ಕೇಳುತ್ತಿರಲಿಲ್ಲ. ಹೋದ ವಾರ ಅವನು ಬೇಸತ್ತು ಪೆಟ್ಟಿಗೆಗಳನ್ನು ಬಿಸಿಲಲ್ಲೇ ಇಳಿಸಿ ಹೋಗಿದ್ದ. ಅರ್ಧಕ್ಕರ್ಧ ಮರಿ ಸತ್ತಿದ್ದವು. ಅದಕ್ಕೇ ಈ ವೈರ್‌ಲೆಸ್ ಅಲಾರಂ. ಗೇಟಿನ ಹತ್ತಿರ ಏನಾದರೂ ಅಲುಗಿದರೆ ಅಡುಗೆಮನೆಯಲ್ಲಿ ಗಂಟೆ ಹೊಡೆಯಬೇಕು.

ಹೊಡೆಯಲಿಲ್ಲ. ಪೆಟ್ಟಿಗೆಯ ಮೇಲೆ ಬರೆದ ದೂರವೆಲ್ಲ ಬಟಾಬಯಲಿನ ಲೆಕ್ಕ. ಇಲ್ಲಿ ದಾರಿಯುದ್ದಕ್ಕೂ ಮರ. ಬ್ಯಾಟರಿ ಬದಲಿಸಿದ. ಸೆನ್ಸರನ್ನು ಕಬ್ಬಿಣದ ಗೇಟಿನಿಂದ ಬಿಚ್ಚಿ ಮರದ ಗೂಟಕ್ಕೆ ಕಟ್ಟಿದ. ಆಂಟೆನಾ ಎತ್ತರಿಸಿ, ಮನೆಯ ಗಂಟೆಯನ್ನು ಕಿಟಕಿಗೆ ತಂದಿಟ್ಟ. ಏನು ಮಾಡಿದರೂ ಸಿಗ್ನಲ್ ಮನೆಗೆ ಕೂಗಳತೆಯ ಆ ತಿರುವಿನವರೆಗೆ ಬಂದು ಸಾಯುತ್ತಿತ್ತು. ಅಲ್ಲಿ ಒಂದು ರಿಪೀಟರ್ ಬೇಕು, ಈ ಕಡೆಯಿಂದ ಬಂದದ್ದನ್ನು ಹಿಡಿದು ಆ ಕಡೆಗೆ ದಾಟಿಸಲು. ಅದನ್ನು ಆಳೆತ್ತರದಲ್ಲಿ ಕೂರಿಸಲು ತಿರುವಿನಲ್ಲಿದ್ದದ್ದು ಒಂದೇ ಕಂಬ.

ಮಟಮಟ ಮಧ್ಯಾಹ್ನದಲ್ಲೂ ಆ ತಿರುವು ಬಾವಿಯೊಳಗಿನಂತೆ ಕತ್ತಲು. ಕಂಬದಲ್ಲಿ, ಗೇಟಿನ ಕಡೆಯ ಮುಖಕ್ಕೆ, ಕೈಗೆಟುಕುವ ಎತ್ತರದಲ್ಲಿ ಗೇಣುದ್ದದ ಮೊಳೆ. ಕುತ್ತಿಗೆಗೆ ಕೂದಲು ಸುತ್ತಿ ಕರಿದಾರ ಬಿಗಿದಿತ್ತು. ಸರಿಯಾಗಿ ರಿಪೀಟರಿನ ತಗಡು ಕೂರಬೇಕಾದ ಜಾಗದಲ್ಲೇ. ಲೈನ್‌ಮನ್ ಸುತ್ತಿಗೆಯ ಹಿಂಬದಿ ಸಿಕ್ಕಿಸಿ ಎಳೆದ. ಯಾರೋ ಬಹಳ ಹೊತ್ತು ಹಿಡಿದಿಟ್ಟ ಉಸಿರು ಬಿಟ್ಟಂತೆ ಸದ್ದಾಯಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ವ್ಯಾನಿನ ಚಕ್ರಕ್ಕೆ ಚುಚ್ಚೀತೆಂದು ಮೊಳೆಯನ್ನು ದಾರಿಗೆ ಎಸೆಯದೆ ಅಂಗಿ ಜೇಬಿಗೆ ಹಾಕಿಕೊಂಡ. ಕಂಬ ಹತ್ತುವವನ ಹಳೆಯ ಅಭ್ಯಾಸ.

ರಿಪೀಟರಿನ ಕೆಳಗೆ ಇನ್ನೊಂದು ಸೆನ್ಸರ್ ಕಟ್ಟಿದ, ಗೇಟಿನ ಕಡೆಯಿಂದ ಬರುವವರನ್ನಷ್ಟೇ ಹಿಡಿಯುವಂತೆ. ಸಂಜೆ ಮಗಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದ.

"ಒಂದು ಸಲ ಹೊಡೆದ್ರೆ?"

"ಗೇಟಲ್ಲಿ ಯಾರೋ ಇದ್ದಾರೆ!"

"ಎರಡು ಸಲ?"

"ಅಪ್ಪ ತಿರುವಿಗೆ ಬಂದ! ನಾನು ಓಡಿ ಬರ್ಬೇಕು!"

"ಜಾಣೆ ನನ್ನ ಪುಟ್ಟಿ."

ಮರುದಿನ ನಾಲ್ಕೂವರೆಗೆ ಗಂಟೆ ಒಂದು ಸಲ ಹೊಡೆಯಿತು. ವ್ಯಾನು ಬರುವ ದಿನವಲ್ಲ. ಐದು ನಿಮಿಷಕ್ಕೆ ಮತ್ತೊಂದು ಸಲ. ಮತ್ತೆ.

"ಯಾವುದಾದ್ರೂ ನಾಯಿ ಇರ್ಬೇಕು ಕಣ್ರೀ," ಮರಿಕೋಣೆಯಿಂದ ಹೆಂಡತಿ ಕೂಗಿದಳು.

ಅಡುಗೆಮನೆಯ ಗಂಟೆಯ ಜೊತೆಗೇ ಹೊಡೆಯುವ ಪುಟ್ಟ ರಿಸೀವರನ್ನು ಜೇಬಿಗೆ ಹಾಕಿಕೊಂಡು ಹೊರಟ. ಗೇಟಿಗೆ ಬೀಗ ಇದ್ದಂತೆಯೇ ಇತ್ತು. ನಾಯಿಯಿಲ್ಲ, ಹೆಜ್ಜೆ ಗುರುತಿಲ್ಲ. ಸುಟ್ಟ ಕೂದಲಿನ ವಾಸನೆ ಮಾತ್ರ. ಗುಡಿಸಲ ಬಾಗಿಲು ಒಳಗಿನಿಂದ ಮುಚ್ಚಿತ್ತು.

"ಮೊಳೆ ಕಿತ್ತೆಯಾ?" ಬಾಗಿಲ ಹಿಂದಿನಿಂದ ಅಜ್ಜಿಯ ದನಿ.

"ಅದು... ಅಡ್ಡ ಬರ್ತಿತ್ತು..."

"ಎಲ್ಲಿದೆ?"

"ಜೇಬಲ್ಲೇ ಇದೆ."

"ಓಡು, ಹೋಗಿ ಕಂಬಕ್ಕೆ ಮತ್ತೆ ಹೊಡಿ. ಅದು ನಿನ್ನ ಹಿಂದೇನೇ ಬರತ್ತೆ. ತಿರುಗಿ ನೋಡಬೇಡ. ಓಡು!"

ಅವನು ಓಡಲಿಲ್ಲ. ಮುದುಕಿಯ ಮಾತಿಗೆ ಓಡುವುದೇ ಎಂಬ ಬಿಗುಮಾನ. ಬಿರುಸಾಗಿ ನಡೆದ. ಕಾಲಡಿ ಜಲ್ಲಿ ಕರಕರ ಅನ್ನುತ್ತಿತ್ತು. ಮರಗಳ ನೆರಳು ದಟ್ಟವಾದಲ್ಲಿ ಗಕ್ಕನೆ ನಿಂತ.

ಜಲ್ಲಿ ಇನ್ನೊಂದು ಸಲ ಕರಕ್ ಅಂದಿತು.

ಆಗ ಓಡಿದ. ಹಿಂದಿನ ಸದ್ದೂ ಓಡಿತು. ಅವಸರವಿಲ್ಲದ ಓಟ. ಕುತ್ತಿಗೆಯ ಮೇಲೆ ಬಿಸಿ ಗಾಳಿ. ವಾಸನೆ ಗಂಟಲಿಗೆ ಇಳಿಯಿತು. ತಿರುವು ಬಂತು. ಕಂಬ ಕಂಡಿತು. ಜೇಬಿನಲ್ಲಿ ಗಂಟೆ ಹೊಡೆಯಿತು. ಎರಡು ಸಲ. ಅದು ಅವನಿಗೆ.

ಮತ್ತೆ ಹೊಡೆಯಿತು. ಎರಡು ಸಲ.

ದೂರದಲ್ಲಿ ಅಡುಗೆಮನೆಯ ಬಾಗಿಲು ದಡ್ ಎಂದಿತು.

"ಅಪ್ಪಾ! ಬಂದೇ!"

ಅವನೇ ಕಲಿಸಿದ್ದು. ಪುಟ್ಟಿ ಕೈ ಅಗಲಿಸಿಕೊಂಡು ಓಡಿ ಬರುತ್ತಿದ್ದಳು. ಅವನ ಭುಜದ ಹತ್ತಿರ ಏನೋ ಖುಷಿಯಿಂದ ಉಸಿರೆಳೆದುಕೊಂಡಿತು.

ರಿಪೀಟರನ್ನು ಕಿತ್ತು ಎಸೆದ. ಮೊಳೆಯನ್ನು ಹಳೆಯ ತೂತಿಗಿಟ್ಟ. ಕೈಗೆ ಸಿಕ್ಕ ಕಲ್ಲೆತ್ತಿದ. ಆಗ ಅಜ್ಜಿಯ ಮಾತು ನೆನಪಾಯಿತು. ಅವನು ನಿಂತಿದ್ದು ಗೇಟಿನ ಕಡೆ. ಎರಡು ಹೆಜ್ಜೆ ಸುತ್ತಿ ಆ ಕಡೆ ನಿಂತು ಕೈ ಚಾಚಿ ಹೊಡೆಯಬಹುದು. ಎರಡೇ ಹೆಜ್ಜೆ. ಆದರೆ ಅವನು ಒಂದು ಹೆಜ್ಜೆ ಇಟ್ಟರೆ ಅದೂ ಇಡುತ್ತದೆ. ಮಗಳು ಹತ್ತು ಮಾರು ದೂರ. ಎಂಟು ಮಾರು.

ಹೊಡೆದ. ಬೆರಳು ಜಜ್ಜಿತು. ಮತ್ತೆ ಹೊಡೆದ. ರಕ್ತಕ್ಕೆ ಕಲ್ಲು ಜಾರಿತು. ಮತ್ತೆ. ಮತ್ತೆ.

ಬೆನ್ನ ಹಿಂದೆ ಏನೋ ಊಳಿಟ್ಟಿತು. ಆಮೇಲೆ ಎಲೆ ಕೂಡ ಅಲ್ಲಾಡಲಿಲ್ಲ.

"ಅಪ್ಪಾ, ಕೈಯಲ್ಲಿ ರಕ್ತ!" ಪುಟ್ಟಿ ಕಂಬದ ಆಚೆ ನಿಂತು ಅಂದಳು. "ಬಾ, ಅಮ್ಮ ತೊಳೀತಾಳೆ."

ಅವನು ಕಾಲೆತ್ತಿದ. ಕಾಲು ಮುಂದಕ್ಕೆ ಹೋಗಲಿಲ್ಲ.

ಹೆಂಡತಿ ಬಂದು ಕೈ ಹಿಡಿದು ಎಳೆದಳು. ತೋಳಿನ ಕೀಲು ತಪ್ಪುವಷ್ಟು ಎಳೆದಳು. ಮರಗಳ ನಡುವೆ ಸುತ್ತು ಬಳಸಿ ಬಂದರೂ ಕಾಲು ಮತ್ತೆ ಕಂಬದ ಮುಂದೆಯೇ ತಂದು ನಿಲ್ಲಿಸಿತು. ಕತ್ತಲಾದ ಮೇಲೆ ಗುಡಿಸಲಿಗೆ ಹೋದ. ಅಜ್ಜಿ ಅವನ ತಮಾಷೆಯನ್ನು ನೆನಪಿಸಲಿಲ್ಲ. ಯಜಮಾನರ ಕಂಬಳಿ ಕೊಡವಿ ಹಾಸಿಕೊಟ್ಟಳು.

ಈಗ ಪ್ರತಿ ಸಂಜೆ ತಾಯಿ ಮಗಳು ಊಟದ ಡಬ್ಬಿ ತಂದು ಕಂಬದ ಆ ಕಡೆ ಕೂರುತ್ತಾರೆ, ಅವನು ಈ ಕಡೆ. ಪುಟ್ಟಿ ಈಗ ಕಂಬಕ್ಕೆ ಒರಗಿಕೊಂಡೇ ಮಗ್ಗಿ ಒಪ್ಪಿಸುತ್ತಾಳೆ. ಅಲಾರಮ್ಮನ್ನು ಅವನು ತೆಗೆಸಿಲ್ಲ. ರಿಪೀಟರನ್ನು ಮಾತ್ರ ಮತ್ತೆ ಕಟ್ಟಲಿಲ್ಲ. ಮನೆಗೆ ಮುಟ್ಟದಿದ್ದರೂ ಗೇಟಿನ ಗಂಟೆ ತಿರುವಿನವರೆಗೆ, ಅವನ ಜೇಬಿನವರೆಗೆ, ಚೆನ್ನಾಗಿಯೇ ಬರುತ್ತದೆ.

ನಿನ್ನೆ ಏಳರ ಮಗ್ಗಿಯ ನಡುವೆ ಜೇಬಿನಲ್ಲಿ ಹೊಡೆಯಿತು. ಒಂದು ಸಲ.

ಪುಟ್ಟಿ ಮಗ್ಗಿ ನಿಲ್ಲಿಸಿದಳು. "ಅಪ್ಪಾ, ಗೇಟಲ್ಲಿ ಯಾರೋ ಇದ್ದಾರೆ."

"ಅಜ್ಜಿ ಇರ್ಬೇಕು ಪುಟ್ಟಾ. ಹೊತ್ತಾಯ್ತು, ಅಮ್ಮನ ಜೊತೆ ಮನೆಗೆ ಹೋಗು."

ಅಜ್ಜಿ ತೀರಿಕೊಂಡು ಮೂರು ದಿನವಾಗಿದ್ದನ್ನು ಅವನು ಮಗಳಿಗೆ ಹೇಳಿರಲಿಲ್ಲ. ಅವರಿಬ್ಬರೂ ಮನೆಯ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳುವವರೆಗೆ ಕಾದ. ಹೆಬ್ಬೆರಳಿನಿಂದ ಮೊಳೆಯನ್ನು ಒತ್ತಿ ನೋಡಿದ. ಗಟ್ಟಿಯಾಗಿತ್ತು. ಆಮೇಲೆ ಕಂಬಕ್ಕೆ ಬೆನ್ನು ಕೊಟ್ಟು, ಜಲ್ಲಿಯ ಮೇಲೆ ಅವಸರವಿಲ್ಲದೆ ಬರುತ್ತಿದ್ದ ಹೆಜ್ಜೆಗಳ ಕಡೆ ಮುಖ ಮಾಡಿ ಕೂತ.